ಎದೆಯ ಗೂಡು

ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ನೆನಪುಗಳನ್ನೂ ಸಂಘಗಳ ಕಾರ್ಯದರ್ಶಿಗಳು ತಮ್ಮ ವರದಿಗಳನ್ನೂ ಬರೆದುಕೊಟ್ಟಿರುತ್ತಾರೆ. ಮುಖ್ಯೋಪಾಧ್ಯಾಯಿನಿಯಾದವಳು ಹಿತವಚನದ ನಾಲ್ಕು ಮಾತುಗಳನ್ನು ಬರೆಯುವುದು ವಾಡಿಕೆ. ಅದಕ್ಕೆ ಬದಲಾಗಿ ಒಂದು ಪಾಠವನ್ನು ಬರೆಯಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ. ಶರೀರಶಾಸ್ತ್ರದಲ್ಲಿ ಮನುಷ್ಯನ ಎದೆಯ ವಿಷಯವನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಓದಿದ್ದಾರೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಭಾಗಗಳ ಹೆಸರುಗಳನ್ನು ತುಂಬಿದ್ದಾರೆ. ಒಳ್ಳೆಯ ಅಂಕಗಳನ್ನೂ ಪಡೆದಿದ್ದಾರೆ. ಆದರೆ ಗೋಡೆಯ ಪಟದಲ್ಲಿ ಪಕ್ಕೆಲುಬುಗಳನ್ನು ಎಣಿಸಿದವರು ತಮ್ಮ ಮೈಯಲ್ಲಿರುವವುಗಳನ್ನು ಎಣಿಸಿ ನೋಡಿರುವುದು ಅಪರೂಪ. ಇಂದು ಅವರಲ್ಲಿ ಅನೇಕರ ತೊಡೆಯ ಮೇಲೆ ಕೂಸುಗಳಿವೆ. ಆ ಕೂಸಿನ ಎದೆಯು ಪಟದಂತೆ ನಿಶ್ಚಲವಾದುದಲ್ಲ. ಅದು ಏಳುತ್ತದೆ, ಇಳಿಯುತ್ತದೆ. ಕಾಯಿಲೆ ಬಂದಾಗ ಬೇರೊಂದು ರೀತಿಯಾಗಿ ಏಳುತ್ತದೆ, ಇಳಿಯುತ್ತದೆ. ಆ ಭೇದವನ್ನು ಗುರುತಿಸಬಲ್ಲ ತಾಯಿಯು ಮನೆಯಲ್ಲಿಯೇ ಅಪಾಯವನ್ನು ಅರಿತು ಹೊತ್ತಿಗೆ ಸರಿಯಾಗಿ ಹೊರಡುತ್ತಾಳೆ. ಆದುದರಿಂದ ಪಟವನ್ನು ಬದಿಗಿಟ್ಟು, ಕೈಯಿಂದ ಮುಟ್ಟಿಯೂ ಕಣ್ಣಿನಿಂದ ನೋಡಿಯೂ ಈ ಪಾಠವನ್ನು ಮತ್ತೊಮ್ಮೆ ಕಲಿಯೋಣ.

ಕೊರಳಿನ ಬುಡದಲ್ಲಿ, ಎರಡು ಕೊರಳೆಲುಬುಗಳ ನಡುವೆ, ಒಂದು ಚಿಕ್ಕ ಕುಳಿಯುಂಟು. ಅಲ್ಲಿ ಬೆರಳನ್ನಿಟ್ಟು ನೇರವಾಗಿ ಎದೆಯೆಲುಬಿನ ಮೇಲೆ ಕೆಳಕ್ಕೆ ಜಾರಿಸಿರಿ. ಸುಮಾರು ೫ ಸೆಂಟಿಮೀಟರು ಇಳಿಯುವಷ್ಟರಲ್ಲಿ ಅಡ್ಡವಾದ ಒಂದು ಏಣು ಬೆರಳಿಗೆ ತಾಕುತ್ತದೆ. ಎದೆಯೆಲುಬಿನ ಮೇಲಿನ ತುಂಡೂ ನಡುವಣ ತುಂಡೂ ಸಂಧಿಸುವ ಸ್ಥಳವದು. ಅದರ ಎರಡು ಪಕ್ಕಗಳಲ್ಲಿಯೂ ಬಂದು ಸೇರುವುದು ಎರಡನೆಯ ಪಕ್ಕೆಲುಬು. ಮೊದಲನೆಯದನ್ನು ಹುಡುಕಿ ಫಲವಿಲ್ಲ. ಅದು ಕೊರಳೆಲುಬಿನ ಹಿಂದೆ ಅಡಗಿರುತ್ತದೆ. ಎರಡನೆಯದರಿಂದ ಆರಂಭಿಸಿ, ಒಂದು ಉಬ್ಬು ಒಂದು ತಗ್ಗು ಎಂಬಂತೆ ಬೆರಳನ್ನಿಳಿಸುತ್ತ ಹೋದರೆ ಎಣಿಕೆ ತಪ್ಪುವುದಿಲ್ಲ. ವೈದ್ಯರು ಎಣಿಸುವುದೂ ಹೀಗೆಯೇ.

ಒಂದೊಂದು ಪಕ್ಕಕ್ಕೆ ೧೨ರಂತೆ ಒಟ್ಟು ೨೪ ಪಕ್ಕೆಲುಬುಗಳು. ಹಿಂದೆ ಎಲ್ಲವೂ ಬೆನ್ನೆಲುಬಿನ ಮಣಿಗಳಿಗೆ ಕೂಡಿಕೊಂಡಿವೆ. ಮುಂದೆ ಮೇಲಿನ ೭ ಜೊತೆಗಳು ತಮ್ಮ ತಮ್ಮ ಮೆಲ್ಲೆಲುಬಿನ ಮೂಲಕ ಎದೆಯೆಲುಬನ್ನು ನೇರವಾಗಿ ಸೇರುತ್ತವೆ. ಅನಂತರದ ೩ ಜೊತೆಗಳು ಮೇಲಿನ ಪಕ್ಕೆಲುಬಿನ ಮೆಲ್ಲೆಲುಬಿಗೆ ಆತುಕೊಳ್ಳುತ್ತವೆ. ಕೊನೆಯ ೨ ಜೊತೆಗಳು ಯಾವುದನ್ನೂ ಸೇರದೆ ಸೊಂಟದ ಮೇಲಿನ ಮಾಂಸದಲ್ಲಿ ನಿಂತುಬಿಡುತ್ತವೆ. ಮೆಲ್ಲೆಲುಬೆಂದರೆ ಕಿವಿಯಲ್ಲಿಯೂ ಮೂಗಿನ ತುದಿಯಲ್ಲಿಯೂ ಇರುವಂತಹ ಬಳುಕುವ ಪದಾರ್ಥ. ಇದರಿಂದಲೇ ಎದೆಯು ಪೆಟ್ಟಿಗೆಯಾಗದೆ ಬುಟ್ಟಿಯಾಗಿರುವುದು. ಮುದುಕರಲ್ಲಿ ಇದು ಗಡುಸಾಗುತ್ತ ಹೋಗುತ್ತದೆ. ಎಳೆಯ ಕೂಸಿನಲ್ಲಿ ಬಹಳ ಮೆತ್ತಗಿರುತ್ತದೆ. ಈ ಕೊನೆಯ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಈ ಪಾಠದಲ್ಲಿ ಪ್ರತಿ ವರ್ಷವೂ ಒಬ್ಬ ಹುಡುಗಿಯಾದರೂ ಎದ್ದುನಿಂತು, ಗಂಡಸರಿಗೆ ಒಂದು ಪಕ್ಕೆಲುಬು ಕಡಮೆಯಲ್ಲವೇ ಎಂದು ಕೇಳುತ್ತಾಳೆ. ಆದಿಕಾಂಡದ ೨ನೆಯ ಅಧ್ಯಾಯವನ್ನು ಓದಿದ ಮಗುವು ಹಾಗೆ ಕೇಳುವುದು ಸಹಜವೇ. ನಿನ್ನ ತಮ್ಮನ ಪಕ್ಕೆಲುಬುಗಳನ್ನು ಎಣಿಸಿಕೊಂಡು ಬಾ ಎಂಬುದೇ ನನ್ನ ಉತ್ತರ. ತಂದೆಯು ಒಂದು ಬೆರಳನ್ನು ಕಳೆದುಕೊಂಡ ಮಾತ್ರಕ್ಕೆ ಮಗನು ಒಂಬತ್ತು ಬೆರಳಿನವನಾಗಿ ಹುಟ್ಟುವುದಿಲ್ಲವೆಂಬುದನ್ನು ಆಮೇಲೆ ಅವಳೇ ಯೋಚಿಸಿ ತಿಳಿಯುತ್ತಾಳೆ. ಯೂರೋಪಿನಲ್ಲಿ ದೊಡ್ಡವರಿಗೂ ಈ ಸಂದೇಹವು ಬಹುಕಾಲ ಇದ್ದಿತು. ಬ್ರಸೆಲ್ಸಿನಲ್ಲಿ ಹುಟ್ಟಿ, ಇಟಲಿಯ ಪಾದುವಾದಲ್ಲಿ ಉಪಾಧ್ಯಾಯನಾಗಿದ್ದ ಆಂಡ್ರಿಯಾಸ್ ವೆಸಾಲಿಯಸ್ ಎಂಬ ವೈದ್ಯನು ೧೫೪೩ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ, ಸ್ತ್ರೀಪುರುಷರಿಬ್ಬರಿಗೂ ಪಕ್ಕೆಲುಬುಗಳ ಸಂಖ್ಯೆ ಒಂದೇ ಎಂದು ಬರೆದನು. ಎದೆಯೆಲುಬಿನ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಅದು ಏಳು ತುಂಡುಗಳುಳ್ಳದ್ದೆಂದು ಪ್ರಾಚೀನನಾದ ಗಾಲೆನನು ಬರೆದಿದ್ದನು. ಅವನು ಕೊಯ್ದು ನೋಡಿದ್ದುದು ಕೋತಿಯೇ ಮೊದಲಾದ ಪ್ರಾಣಿಗಳನ್ನು. ಸುಮಾರು ೧೩ ಶತಮಾನಗಳವರೆಗೆ ಅವನ ಮಾತೇ ಪ್ರಮಾಣವಾಗಿದ್ದಿತು. ಮನುಷ್ಯನಲ್ಲಿ ಮೂರೇ ತುಂಡುಗಳಿರುವುದನ್ನು ವೆಸಾಲಿಯಸನು ತೋರಿಸಿಕೊಟ್ಟನು. ಆ ಗ್ರಂಥವು ಅಚ್ಚಾದುದು ಬಾಸೆಲ್ ಪಟ್ಟಣದಲ್ಲಿ; ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಊರು ಅದೇ. ವೆಸಾಲಿಯಸನು ೧೫೪೩ರಲ್ಲಿ ಅಲ್ಲಿ ಜೋಡಿಸಿ ನಿಲ್ಲಿಸಿದ ಒಂದು ಎಲುಬುಗೂಡು ಇಂದಿಗೂ ಆ ಊರಿನ ವಿಶ್ವವಿದ್ಯಾನಿಲಯದ ಸಂಗ್ರಹಾಲಯದಲ್ಲಿ ಇದೆ.

ಇನ್ನು ಈ ಬುಟ್ಟಿಯು ತಿದಿಯಾಗುವ ಬಗೆ. ಪಕ್ಕೆಲುಬುಗಳು ಬೆನ್ನಿನಿಂದ ಮುಂದಕ್ಕೆ ಬರುವಾಗ ಓರೆಯಾಗಿ ಕೆಳಕ್ಕೆ ಇಳಿದಿರುತ್ತವೆ. ಎರಡು ಕೈಗಳನ್ನೂ ಪಕ್ಕೆಗಳ ಮೇಲಿಟ್ಟು ದೀರ್ಘವಾಗಿ ಉಸಿರೆಳೆಯಿರಿ. ಕೈಗಳು ಹೊರಕ್ಕೂ ಮೇಲಕ್ಕೂ ಹೋಗುತ್ತವೆ. ಬಕೇಟಿನ ಬಾಗಿದ ಹಿಡಿಯನ್ನು ಎತ್ತಿದಾಗ ಅದು ಮೇಲೇಳುವುದರೊಂದಿಗೆ ಹೊರಕ್ಕೂ ಚಾಚಿಕೊಳ್ಳುವುದಷ್ಟೆ? ಪಕ್ಕೆಲುಬುಗಳ ಚಲನೆಯೂ ಹಾಗೆಯೇ. ಅವುಗಳ ನಡುವೆ ಹೆಣೆದಿರುವ ಸ್ನಾಯುಗಳು ಈ ಎತ್ತುವ ಕೆಲಸದಲ್ಲಿ ಸಹಾಯ ಮಾಡುತ್ತವೆ. ಆದರೆ ಮುಖ್ಯವಾದ ಕೆಲಸಗಾರನು ಹೊರಗೆ ಕಾಣುವುದಿಲ್ಲ. ಎದೆಗೂ ಹೊಟ್ಟೆಗೂ ನಡುವೆ, ಬೋರಲು ಹಾಕಿದ ಬಟ್ಟಲಿನಂತೆ ಹರಡಿರುವ ತೆಳುವಾದ ಸ್ನಾಯುವಿಗೆ ವಪೆಯೆಂದು ಹೆಸರು. ಉಸಿರು ತೆಗೆದುಕೊಳ್ಳುವಾಗ ಇದು ಬಿಗಿದು ಕೆಳಕ್ಕಿಳಿಯುತ್ತದೆ. ಎದೆಯ ಒಳಗಿನ ಅವಕಾಶವು ಹೆಚ್ಚುತ್ತದೆ. ಹೊಟ್ಟೆಯು ಸ್ವಲ್ಪ ಮುಂದಕ್ಕೆ ಬರುತ್ತದೆ. ಬಿಕ್ಕಳಿಕೆಯೆಂದರೆ ಇದೇ ವಪೆಯು ನಮ್ಮ ಅಪ್ಪಣೆಯಿಲ್ಲದೆ ಹಠಾತ್ತನೆ ಬಿಗಿಯುವುದು.

ಶ್ವಾಸಕೋಶಗಳಿಗೆ ತಮ್ಮಷ್ಟಕ್ಕೆ ಹಿಗ್ಗುವ ಶಕ್ತಿಯಿಲ್ಲವೆಂಬುದನ್ನು ಬಹಳ ಜನರು ಅರಿಯರು. ಅವುಗಳ ಮೇಲೆ ಒಂದು ನಯವಾದ ಪೊರೆ, ಎದೆಯ ಒಳಗೋಡೆಗೆ ಇನ್ನೊಂದು. ಎರಡರ ನಡುವೆ ಅತ್ಯಲ್ಪವಾದ ದ್ರವ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಅಂಟಿಕೊಂಡಂತೆ ಇವು ಅಂಟಿಕೊಂಡಿರುವುದರಿಂದ, ಗೋಡೆಯು ಹೊರಕ್ಕೆ ಸರಿದರೆ ಶ್ವಾಸಕೋಶವೂ ಹಿಗ್ಗಲೇಬೇಕು. ಗಾಳಿಯು ಒಳಗೆ ನುಗ್ಗಲೇಬೇಕು. ಸ್ನಾಯುಗಳು ಸಡಿಲವಾದೊಡನೆ ಎಲ್ಲವೂ ತಾನಾಗಿ ಹಿಂದಿನ ಸ್ಥಿತಿಗೆ ಬರುತ್ತದೆ. ಆದುದರಿಂದ ಸುಮ್ಮನೆ ಕುಳಿತಿರುವಾಗ ಉಸಿರನ್ನು ಒಳಗೆ ತೆಗೆದುಕೊಳ್ಳುವುದು ಕೆಲಸ, ಹೊರಗೆ ಬಿಡುವುದು ವಿಶ್ರಾಂತಿ.

ವಪೆಯ ನರವು ಕುತ್ತಿಗೆಯಿಂದ ಹೊರಡುತ್ತದೆಂಬುದೂ ಒಂದು ವಿಚಿತ್ರ. ಇಷ್ಟು ಕೆಳಗಿರುವ ಸ್ನಾಯುವಿಗೆ ಅಷ್ಟು ಮೇಲಿನಿಂದ ನರವೇಕೆ? ಗರ್ಭದಲ್ಲಿ ವಪೆಯು ರೂಪುಗೊಳ್ಳಲು ಆರಂಭಿಸುವುದೇ ಕುತ್ತಿಗೆಯ ನೆರೆಯಲ್ಲಿ. ಅನಂತರ ಅದು ಕೆಳಕ್ಕಿಳಿಯುವಾಗ ತನ್ನ ನರವನ್ನೂ ಎಳೆದುಕೊಂಡು ಬರುತ್ತದೆ. ಇದರ ಫಲವಾಗಿ ಕುತ್ತಿಗೆಗಿಂತ ಕೆಳಗೆ ಬೆನ್ನುಹುರಿಗೆ ಪೆಟ್ಟಾದವನ ಪಕ್ಕೆಲುಬುಗಳ ಸ್ನಾಯುಗಳು ಸೋತರೂ ವಪೆಯೊಂದರಿಂದಲೇ ಅವನು ಉಸಿರಾಡಬಲ್ಲನು.

ನಿಮಿಷಕ್ಕೆ ೧೫ ಬಾರಿ ಉಸಿರಾಡಿದರೆ ದಿನಕ್ಕೆ ೨೧,೬೦೦ ಬಾರಿ ಆಗುತ್ತದೆ. ನಮ್ಮ ದೇಶದ ಹಳೆಯ ಯೋಗಗ್ರಂಥಗಳಲ್ಲಿಯೂ ಇದೇ ಸಂಖ್ಯೆಯನ್ನು ಹೇಳಿರುವುದುಂಟು. ಒಂದು ಸಲಕ್ಕೆ ಒಳಗೆ ಹೋಗುವ ಗಾಳಿ ಸುಮಾರು ಅರ್ಧ ಲೀಟರು. ಬೇಕೆಂದು ದೀರ್ಘವಾಗಿ ಎಳೆದರೆ ಅದರ ಎಷ್ಟೋ ಪಾಲು ಹೆಚ್ಚು. ಈಗ ಬೆನ್ನನ್ನು ಬಾಗಿಸಿ, ಭುಜಗಳನ್ನು ಮುಂದಕ್ಕೆ ತಂದು, ದೀರ್ಘವಾಗಿ ಉಸಿರೆಳೆಯಲು ಯತ್ನಿಸಿರಿ, ಅರ್ಧಕ್ಕೇ ತಡೆದಂತಾಗುವುದು. ಇದನ್ನು ಹೇಳಲು ಕಾರಣವುಂಟು. ಬೆಳಗಿನ ಪ್ರಾರ್ಥನೆಯ ಸಾಲುಗಳನ್ನು ನೋಡುವಾಗ, ಐದನೆಯ ತರಗತಿಯ ಹುಡುಗಿಯರು ಬೆತ್ತದಂತೆ ನೆಟ್ಟಗೆ ನಿಂತಿರುತ್ತಾರೆ. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅವರಲ್ಲಿ ಅರ್ಧದಷ್ಟು ಮಂದಿಯ ಭುಜಗಳು ಮುಂದಕ್ಕೆ ಮುದುಡಿರುತ್ತವೆ, ಪುಸ್ತಕಗಳು ಎದೆಗೆ ಅವಚಿಕೊಂಡಿರುತ್ತವೆ. ದೇಹದಲ್ಲಿ ಆಗುವ ಸಹಜವಾದ ಬದಲಾವಣೆಯನ್ನು ಮರೆಮಾಡಬೇಕೆಂದು ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರಲಾರರು. ಆದರೂ ಮನೆಯ ಕಣ್ಣುಗಳಿಂದಲೂ ಬೀದಿಯ ಕಣ್ಣುಗಳಿಂದಲೂ ಅವರು ಅದನ್ನು ಕಲಿತಿರುತ್ತಾರೆ. ನೆಟ್ಟಗೆ ನಿಲ್ಲೆಂದು ನಾವು ಶಾಲೆಯಲ್ಲಿ ಹೇಳುತ್ತೇವೆ. ತಾಯಂದಿರು ಮನೆಯಲ್ಲಿಯೂ ಹೇಳಿದರೆ ನಮ್ಮ ಸಂಗೀತದ ಅಧ್ಯಾಪಕಿಯ ಕಷ್ಟವೂ ಅರ್ಧ ಕಡಮೆಯಾದೀತು.

ಗೂಡಿನ ಒಳಕ್ಕೆ ಹೋಗೋಣ. ಬಲದ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡದ್ದಕ್ಕೆ ಎರಡು. ಹೃದಯಕ್ಕೆ ಜಾಗ ಕೊಟ್ಟು ಎಡದ್ದು ಸ್ವಲ್ಪ ಚಿಕ್ಕದಾಗಿದೆ. ಕೊರಳಿನಿಂದ ಇಳಿಯುವ ಶ್ವಾಸನಾಳವು ನೀವು ಬೆರಳಿಟ್ಟು ಗುರುತಿಸಿದ ಏಣಿನ ಮಟ್ಟದಲ್ಲಿಯೇ ಎರಡಾಗಿ ಒಡೆಯುತ್ತದೆ. ಆ ಕವಲುಗಳು ಮತ್ತೆ ಮತ್ತೆ ಒಡೆದು, ಕೊನೆಗೆ ದ್ರಾಕ್ಷಿಯ ಗೊಂಚಲಿನಂತಹ ಸೂಕ್ಷ್ಮವಾದ ಗಾಳಿಗೂಡುಗಳಲ್ಲಿ ಮುಗಿಯುತ್ತವೆ. ಇವುಗಳ ಸಂಖ್ಯೆ ಕೋಟಿಗಟ್ಟಲೆ: ಎರಡು ಶ್ವಾಸಕೋಶಗಳಲ್ಲಿ ಸೇರಿ ೩೦ ಕೋಟಿಯಿಂದ ೫೦ ಕೋಟಿಯವರೆಗೆ. ಇವುಗಳ ಗೋಡೆಯ ಮೂಲಕವೇ ಆಮ್ಲಜನಕವು ರಕ್ತಕ್ಕೆ ಸೇರುವುದು, ಇಂಗಾಲಾಮ್ಲವು ಹೊರಕ್ಕೆ ಹೋಗುವುದು.

ಮೊದಲ ಎರಡು ಕವಲುಗಳು ಒಂದೇ ಬಗೆಯವಲ್ಲ. ಬಲಗಡೆಯದು ಹೆಚ್ಚು ಅಗಲ ಮತ್ತು ಹೆಚ್ಚು ನೇರ. ಪರೀಕ್ಷೆಗೆ ಇದನ್ನು ಬರೆದು ಮರೆಯುವುದು ಸುಲಭ. ಆದರೆ ಮಗುವು ನಗುತ್ತಲೋ ಓಡುತ್ತಲೋ ಬಾಯಲ್ಲಿಟ್ಟುಕೊಂಡ ಕಡಲೆಕಾಯಿಯ ಬೀಜವು ದಾರಿ ತಪ್ಪಿದರೆ ಸಾಮಾನ್ಯವಾಗಿ ಬಲಗಡೆಗೇ ಜಾರುವುದು ಈ ಕಾರಣದಿಂದಲೇ. ಮೊದಲು ಬಲವಾದ ಕೆಮ್ಮು ಬರುತ್ತದೆ. ಆಮೇಲೆ ಕೆಮ್ಮು ನಿಂತು, ಬೀಜವನ್ನು ನುಂಗಿಬಿಟ್ಟಿತೆಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ದಿನಗಳ ಮೇಲೆ ಗೊರಗೊರ ಶಬ್ದವೂ ಜ್ವರವೂ ತೋರುತ್ತವೆ. ಹೀಗೆ ಕೆಮ್ಮಿ ಸುಮ್ಮನಾದ ಮಗುವನ್ನು ಅದೇ ದಿನ ವೈದ್ಯರಿಗೆ ತೋರಿಸಿ, ಬಾಯಲ್ಲಿ ಏನಿತ್ತೆಂಬುದನ್ನು ತಪ್ಪದೆ ಹೇಳತಕ್ಕದ್ದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಗಂಟಲಿನಲ್ಲಿ ಬೆರಳು ಹಾಕಬಾರದು; ಅದು ಇನ್ನೂ ಒಳಕ್ಕೆ ಹೋದೀತು. ಐದು ವರ್ಷ ತುಂಬುವ ತನಕ ಇಡಿಯ ಕಡಲೆಕಾಯಿ ಬೀಜವನ್ನು ಕೊಡದಿರುವುದೇ ಲೇಸು.

ಹೃದಯದ ಪಾಠವು ಬೇರೆಯೇ ಆದುದರಿಂದ ಒಂದೆರಡು ಮಾತು ಸಾಕು. ಅದು ಅವರವರ ಮುಷ್ಟಿಯಷ್ಟು ದೊಡ್ಡದು. ಎಡಗಡೆ ಇದೆಯೆಂದು ಎಲ್ಲರೂ ಹೇಳುವರು. ನಿಜವಾಗಿ ಅದು ನಡುವೆಯೇ ಇದ್ದು, ಸುಮಾರು ಮೂರರಲ್ಲಿ ಎರಡು ಪಾಲು ಎಡಕ್ಕೆ ವಾಲಿದೆ. ಮೇಲೆ ಹೇಳಿದಂತೆ ಎಣಿಸುತ್ತ ಬಂದು, ಎಡಗಡೆ ಐದನೆಯ ಮತ್ತು ಆರನೆಯ ಪಕ್ಕೆಲುಬುಗಳ ನಡುವಣ ತಗ್ಗಿನಲ್ಲಿ, ಕೊರಳೆಲುಬಿನ ನಡುವಿನಿಂದ ಇಳಿಯುವ ರೇಖೆಯ ಬಳಿ ಬೆರಳಿಟ್ಟರೆ ಅದರ ತುದಿಯು ಬಡಿಯುವುದು ಅನೇಕರಲ್ಲಿ ತಿಳಿಯುತ್ತದೆ.

ಒಳಗೆ ನಡೆಯುವುದನ್ನು ಹೊರಗಿನಿಂದ ತಿಳಿಯುವ ವಿದ್ಯೆಯು ಒಂದೇ ದಿನದಲ್ಲಿ ಬಂದುದಲ್ಲ. ಆಸ್ಟ್ರಿಯಾದ ಗ್ರಾಟ್ಸ್ ಎಂಬ ಊರಿನಲ್ಲಿ ಒಬ್ಬ ಪಾನಗೃಹದ ಒಡೆಯನಿಗೆ ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್ ಎಂಬ ಮಗನಿದ್ದನು. ಪೀಪಾಯಿಯನ್ನು ತಟ್ಟಿದರೆ ಬರಿದಾದ ಭಾಗವೂ ತುಂಬಿದ ಭಾಗವೂ ಬೇರೆ ಬೇರೆ ಶಬ್ದ ಕೊಡುವುದು ಅಂತಹ ಮನೆಯವರಿಗೆ ತಿಳಿದ ಸಂಗತಿಯೇ. ನಮ್ಮಲ್ಲಿ ಕೊಡವನ್ನು ತಟ್ಟಿ ನೋಡುವುದಿಲ್ಲವೇ? ಅವನು ವೈದ್ಯನಾದ ಮೇಲೆ ರೋಗಿಗಳ ಎದೆಯನ್ನು ತಟ್ಟಿ ನೋಡಿ, ನೀರು ತುಂಬಿದ ಅಥವಾ ಗಟ್ಟಿಯಾದ ಭಾಗವು ಮಂದವಾದ ಶಬ್ದ ಕೊಡುವುದನ್ನು ಕಂಡು ೧೭೬೧ರಲ್ಲಿ ಪುಸ್ತಕ ಬರೆದನು. ಅದನ್ನು ಬಹುಕಾಲ ಹೆಚ್ಚು ಮಂದಿ ಲಕ್ಷಿಸಲಿಲ್ಲ.

ಎರಡನೆಯ ಹೆಜ್ಜೆಗೆ ಕಾರಣವಾದುದು ಸಂಕೋಚ. ೧೮೧೬ರಲ್ಲಿ ಪ್ಯಾರಿಸಿನ ರೆನೆ ಲಾಯೆನೆಕ್ ಎಂಬ ವೈದ್ಯನ ಬಳಿಗೆ ಹೃದ್ರೋಗದ ಲಕ್ಷಣಗಳುಳ್ಳ ಒಬ್ಬ ತರುಣಿಯು ಬಂದಳು. ಆಗಿನ ಪದ್ಧತಿಯಂತೆ ರೋಗಿಯ ಎದೆಗೆ ಕಿವಿಯಿಟ್ಟು ಕೇಳಬೇಕಾಗಿತ್ತು. ಅವಳು ಪ್ರಾಯದ ಹೆಂಗಸಾದುದರಿಂದ ಅವನು ಹಾಗೆ ಮಾಡಲು ಹಿಂಜರಿದು, ಕಾಗದದ ಹಾಳೆಗಳನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದನು. ಹೃದಯದ ಬಡಿತವು ಹಿಂದೆಂದೂ ಕೇಳದಷ್ಟು ಸ್ಪಷ್ಟವಾಗಿ ಕೇಳಿಸಿತು. ಅನಂತರ ಮರದ ಕೊಳವೆಯನ್ನು ಮಾಡಿಕೊಂಡು, ಅದರಿಂದ ತಿಳಿದುದನ್ನೆಲ್ಲ ೧೮೧೯ರಲ್ಲಿ ಪ್ರಕಟಿಸಿದನು. ಸ್ಟೆಥಸ್ಕೋಪ್ ಎಂಬ ಹೆಸರಿಗೆ ಗ್ರೀಕಿನಲ್ಲಿ ಎದೆಯನ್ನು ನೋಡುವ ಸಾಧನವೆಂದರ್ಥ. ಕಿವಿಯಿಂದ ಕೇಳುವ ವಸ್ತುವಿಗೆ ನೋಡುವುದೆಂಬ ಹೆಸರು ಬಂದುದು ನನಗೆ ಸೊಗಸಾಗಿ ತೋರುತ್ತದೆ. ಎಷ್ಟೋ ಕ್ಷಯರೋಗಿಗಳ ಎದೆಯನ್ನು ಕೇಳಿದ ಲಾಯೆನೆಕನು ತಾನೂ ಕ್ಷಯದಿಂದಲೇ ೧೮೨೬ರಲ್ಲಿ, ೪೫ನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಅಂದು ಸಂಕೋಚದಿಂದ ಒಂದು ಉಪಕರಣ ಹುಟ್ಟಿತು. ನಮ್ಮ ಮನೆಗಳಲ್ಲಿ ಅದರಿಂದ ಹುಟ್ಟುವುದು ಹೆಚ್ಚಾಗಿ ವಿಳಂಬವೇ. ಸ್ತನವು ಗೂಡಿನ ಹೊರಗೆ, ಎರಡನೆಯ ಪಕ್ಕೆಲುಬಿನಿಂದ ಆರನೆಯದರವರೆಗೆ, ಎದೆಯ ದೊಡ್ಡ ಸ್ನಾಯುವಿನ ಮೇಲೆ ಕುಳಿತಿದೆ. ಅದರ ಒಂದು ಬಾಲದಂತಹ ಭಾಗವು ಕಂಕುಳವರೆಗೂ ಚಾಚಿದೆ. ಶಾಲೆಯ ಪಟಗಳಲ್ಲಿ ಇದನ್ನು ಬರೆದಿರುವುದೇ ಇಲ್ಲ. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಅತ್ಯಂತ ಹೆಚ್ಚಾಗಿ ಕಾಣುವುದು ಸ್ತನದ ಕ್ಯಾನ್ಸರೇ. ಅಲ್ಲಿಯಾಗಲಿ ಕಂಕುಳಲ್ಲಿಯಾಗಲಿ ಗಂಟು, ಚರ್ಮದಲ್ಲಿ ಹೊಸದಾಗಿ ಬಿದ್ದ ಕುಳಿ, ತೊಟ್ಟು ಒಳಕ್ಕೆ ಸೇದಿಕೊಳ್ಳುವುದು, ಅದರಿಂದ ರಕ್ತ ಒಸರುವುದು, ಇವುಗಳಲ್ಲಿ ಯಾವುದನ್ನು ಕಂಡರೂ ತೋರಿಸತಕ್ಕದ್ದು. ನೋವಿಲ್ಲವೆಂಬುದು ಸಮಾಧಾನದ ಕಾರಣವಲ್ಲ. ಮೊದಲಲ್ಲಿ ನೋವಿಲ್ಲದಿರುವುದೇ ಹೆಚ್ಚು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಾಗಿರುವುದಿಲ್ಲವೆಂಬುದೂ ನಿಜ, ಆದರೆ ಅದನ್ನು ನಿರ್ಣಯಿಸಬೇಕಾದವರು ನಾವಲ್ಲ, ವೈದ್ಯರು. ಈ ಸಂಚಿಕೆಯನ್ನು ತಂದೆಯರೂ ಗಂಡಂದಿರೂ ಓದುವರೆಂಬುದನ್ನು ತಿಳಿದೇ ಬರೆದಿದ್ದೇನೆ. ಆಸ್ಪತ್ರೆಗೆ ಹೋಗಲು ಹಣವನ್ನೂ ಜೊತೆಯನ್ನೂ ಒದಗಿಸುವವರು ಎಷ್ಟೋ ಮನೆಗಳಲ್ಲಿ ಅವರೇ.

ಕಡೆಯದಾಗಿ ಕೂಸಿನ ಎದೆ. ಇದು ದೊಡ್ಡವರ ಎದೆಯ ಚಿಕ್ಕ ರೂಪವಲ್ಲ. ದೊಡ್ಡವರ ಎದೆಯು ಹಿಂದುಮುಂದಕ್ಕೆ ಚಪ್ಪಟೆ; ಕೂಸಿನದು ಗುಂಡಗೆ. ಅದರ ಪಕ್ಕೆಲುಬುಗಳು ಓರೆಯಾಗಿರದೆ ಹೆಚ್ಚುಕಡಮೆ ಅಡ್ಡಡ್ಡವಾಗಿಯೇ ಇರುತ್ತವೆ. ಕೂತು, ನಿಂತು, ನಡೆಯಲು ಕಲಿತ ಮೇಲೆ ಕ್ರಮವಾಗಿ ಇಳಿಜಾರಾಗುತ್ತವೆ. ಆಗಲೇ ಎತ್ತಿದ್ದ ಹಿಡಿಯನ್ನು ಇನ್ನೆಷ್ಟು ಎತ್ತಲಾದೀತು? ಆದುದರಿಂದ ಕೂಸಿನ ಉಸಿರಾಟವೆಲ್ಲ ವಪೆಯಿಂದಲೇ ನಡೆಯುತ್ತದೆ. ಮಲಗಿದಾಗ ಏರಿಳಿಯುವುದು ಅದರ ಹೊಟ್ಟೆ. ಹೊಸ ತಾಯಂದಿರು ಇದನ್ನು ಕಂಡು ಅಂಜಬೇಕಾಗಿಲ್ಲ.

ನ್ಯುಮೋನಿಯಾ ತಗಲಿದರೆ ಗಾಳಿಗೂಡುಗಳಲ್ಲಿ ಕೀವೂ ನೀರೂ ತುಂಬಿ ಶ್ವಾಸಕೋಶವು ಗಡುಸಾಗುತ್ತದೆ, ಸುಲಭವಾಗಿ ಹಿಗ್ಗದು. ಸಾಕಷ್ಟು ಗಾಳಿ ದೊರೆಯಲೆಂದು ಮಗುವು ಮೊದಲು ಬೇಗಬೇಗನೆ ಉಸಿರಾಡುತ್ತದೆ. ಅದೂ ಸಾಲದಾದಾಗ ವಪೆಯು ಮತ್ತಷ್ಟು ಬಲವಾಗಿ ಎಳೆಯುತ್ತದೆ. ಒಳಗಿನ ಶ್ವಾಸಕೋಶವು ಬಗ್ಗದು. ಹೊರಗಿನ ಗೋಡೆಯಾದರೋ ಮೆತ್ತಗಿನ ಮೆಲ್ಲೆಲುಬಿನದು. ಆಗ ಬಗ್ಗುವುದು ಗೋಡೆಯೇ. ಉಸಿರು ಒಳಗೆ ಹೋಗುವ ಹೊತ್ತಿನಲ್ಲಿ ಉಬ್ಬಬೇಕಾದ ಎದೆಯ ಕೆಳಭಾಗವು ಒಳಕ್ಕೆ ಗುಳಿಬೀಳುತ್ತದೆ. ಅಜ್ಜಿಯೊಬ್ಬಳು ಕೂಸಿಗೆ ಪಕ್ಕೆ ಎಳೆಯುತ್ತಿದೆ ಎಂದರೆ ಆಕೆ ಕಂಡಿರುವುದು ಇದನ್ನೇ, ಮತ್ತು ಆಕೆಯ ಕಣ್ಣು ಸರಿಯಾಗಿಯೇ ಕಂಡಿದೆ. ಆದರೆ ಆಮೇಲೆ ಬರೆ ಹಾಕಿಸುವುದು, ಎಣ್ಣೆ ತಿಕ್ಕಿ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ಬೆಳಗಿನವರೆಗೆ ಕಾಯುವುದು, ಇವುಗಳಿಂದ ಒಳಗಿನ ಕೀವು ಕರಗುವುದಿಲ್ಲ. ಹೊತ್ತು ಮಾತ್ರ ಕಳೆಯುತ್ತದೆ.

ನೋಡುವ ಕ್ರಮ ಹೀಗೆ. ಮಗುವು ಅಳದೆ, ಹಾಲು ಕುಡಿಯದೆ, ಶಾಂತವಾಗಿ ಅಥವಾ ನಿದ್ದೆಯಲ್ಲಿ ಇರುವಾಗ ಅಂಗಿಯನ್ನು ಎದೆಯ ಮೇಲಿನವರೆಗೆ ಎತ್ತಿರಿ. ಚಳಿ ತಗಲೀತೆಂದು ಅಂಜಬೇಡಿರಿ, ಕೆಲಸ ಒಂದೆರಡು ನಿಮಿಷದ್ದು. ಗಡಿಯಾರವನ್ನು ಎದುರಿಗಿಟ್ಟುಕೊಂಡು ಪೂರ್ತಿಯಾಗಿ ಒಂದು ನಿಮಿಷ ಎಣಿಸಿರಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಗಣಿತದಲ್ಲಿ ಸರಿ. ಕೂಸಿನಲ್ಲಿ ಸರಿಯಲ್ಲ, ಏಕೆಂದರೆ ಅದು ನಡುನಡುವೆ ತಡೆದು ತಡೆದು ಉಸಿರಾಡುತ್ತದೆ. ೨ ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ ೬೦ ಅಥವಾ ಹೆಚ್ಚು, ೨ರಿಂದ ೧೨ ತಿಂಗಳವರೆಗೆ ೫೦ ಅಥವಾ ಹೆಚ್ಚು, ೧ರಿಂದ ೫ ವರ್ಷದವರೆಗೆ ೪೦ ಅಥವಾ ಹೆಚ್ಚು ಆದರೆ ಅದು ವೇಗದ ಉಸಿರಾಟ. ಕೆಮ್ಮಿನೊಂದಿಗೆ ಇದನ್ನು ಕಂಡರೆ ಅದೇ ದಿನ ತೋರಿಸತಕ್ಕದ್ದು. ೨ ತಿಂಗಳೊಳಗಿನ ಕೂಸಿನಲ್ಲಿ ಮತ್ತೊಮ್ಮೆ ಎಣಿಸಿ, ಹಾಗೆಯೇ ಇದ್ದರೆ ಒಡನೆಯೇ ಆಸ್ಪತ್ರೆಗೆ ಹೊರಡಬೇಕು. ಎದೆಯ ಕೆಳಭಾಗವು ಗುಳಿಬೀಳುತ್ತಿದ್ದರೆ, ಮೊಲೆ ಹಿಡಿಯಲು ಅಥವಾ ನೀರು ಕುಡಿಯಲು ಆಗದಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದರೆ ಯಾವ ವಯಸ್ಸಾದರೂ ಕ್ಷಣವೂ ತಡಮಾಡಬಾರದು. ಬಹಳ ಎಳೆಯ ಕೂಸಿನಲ್ಲಿ ಸ್ವಲ್ಪ ಗುಳಿಬೀಳುವುದು ಸಹಜ. ಆಳವಾಗಿ, ಎಡೆಬಿಡದೆ ಬೀಳುವುದು ಸಹಜವಲ್ಲ. ಮಗುವು ಆರೋಗ್ಯವಾಗಿರುವಾಗಲೇ ಒಂದೆರಡು ಸಲ ಎಣಿಸಿ ರೂಢಿಮಾಡಿಕೊಂಡವಳಿಗೆ ಕಾಯಿಲೆಯ ರಾತ್ರಿಯಲ್ಲಿ ಕೈ ನಡುಗುವುದಿಲ್ಲ.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಸೌದೆಯ ಒಲೆಯ ಮುಂದೆ ಕೂರುವುದರಿಂದಲೂ, ಮನೆಯೊಳಗೆ ಗಂಡಸರು ಬೀಡಿ ಸಿಗರೇಟು ಸೇದುವುದರಿಂದಲೂ ಈ ರೋಗದ ಅಪಾಯವು ಹೆಚ್ಚುತ್ತದೆ. ಇದನ್ನು ತಡೆಯುವ ಲಸಿಕೆಯೂ ಈಗ ಉಂಟು. ನ್ಯುಮೋಕಾಕಸ್ ಲಸಿಕೆಯನ್ನು ಸರ್ಕಾರವು ೨೦೧೭ರಲ್ಲಿ ಕೆಲವು ಪ್ರಾಂತಗಳಲ್ಲಿ ಆರಂಭಿಸಿ ೨೦೨೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳುಗಳಲ್ಲಿ ಧರ್ಮಾರ್ಥವಾಗಿ ಕೊಡುತ್ತಾರೆ. ಲಸಿಕೆ ಹಾಕಿಸಿದ ಮಗುವಿಗೂ ಬೇರೆ ಕ್ರಿಮಿಗಳಿಂದ ನ್ಯುಮೋನಿಯಾ ಬರಬಹುದಾದುದರಿಂದ ಎಣಿಸುವುದನ್ನು ಬಿಡಲಾಗದು. ಆಸ್ಪತ್ರೆಗೆ ಹೊರಡುವಾಗ ಎಣಿಸಿದ ಸಂಖ್ಯೆಯನ್ನೂ ಎಣಿಸಿದ ಹೊತ್ತನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಗಾಡಿಯಲ್ಲಿ ಅಲುಗಾಡಿ, ಹೊಸಬರನ್ನು ಕಂಡು ಅಳುವ ಮಗುವಿನ ಉಸಿರನ್ನು ಅಲ್ಲಿ ಸರಿಯಾಗಿ ಎಣಿಸುವುದು ವೈದ್ಯರಿಗೂ ಕಷ್ಟ.